ಕ್ಯಾಟ್ ಒಡೆಸಬೇಡಿ, ಅದು ಸೋಸುವ ಜಾಲರಿಯಲ್ಲ

ಪ್ರಶ್ನೆ: ನನ್ನದು 2018ರ ಪೆಟ್ರೋಲ್ ಕಾರು, ಬಿಎಸ್-4. 96,000 ಕಿ.ಮೀ. ಓಡಿದೆ. ಎರಡು ವಾರದಿಂದ ಚೆಕ್ ಎಂಜಿನ್ ದೀಪ ಆರುತ್ತಿಲ್ಲ. ಗ್ಯಾರೇಜಿನಲ್ಲಿ ಸ್ಕ್ಯಾನ್ ಮಾಡಿಸಿದಾಗ ಪಿ0420 ಅಂತ ಬಂತು. ‘ಕ್ಯಾಟ್ ಬ್ಲಾಕ್ ಆಗಿದೆ, ಹೊಸದು ಹಾಕಿದರೆ ತುಂಬಾ ದುಡ್ಡು. ಒಳಗಿರೋದನ್ನ ಒಡೆದು ತೆಗೆದುಬಿಡೋಣ, ಪಿಕಪ್ಪೂ ಬರುತ್ತೆ, ಮೈಲೇಜೂ ಬರುತ್ತೆ’ ಅಂದರು. ಒಡೆಸಬಹುದೇ? ಇಲ್ಲ, ಬಿಚ್ಚಿ ತೊಳೆಸಿದರೆ ಸಾಕೇ? ಅಷ್ಟಕ್ಕೂ ಆ ಡಬ್ಬಿ ಹೊಗೆಯನ್ನು ಹೇಗೆ ಸೋಸುತ್ತದೆ?
– ದಾವಣಗೆರೆಯ ಓದುಗರು

ಉತ್ತರ:

ಒಡೆಸಬೇಡಿ. ತೊಳೆಸಿದರೂ ಪ್ರಯೋಜನವಿಲ್ಲ. ಹೊಸದು ಹಾಕಿಸುವ ಮಾತೂ ಸದ್ಯಕ್ಕೆ ಬೇಡ, ಮೊದಲು ಎಂಜಿನ್ ನೋಡಿಸಬೇಕು. ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ನಿಮ್ಮ ಕೊನೆಯ ಪ್ರಶ್ನೆಯಲ್ಲೇ ಇದೆ. ‘ಸೋಸುತ್ತದೆ’ ಎಂದು ಬರೆದಿದ್ದೀರಿ. ಎಷ್ಟೋ ಮೆಕ್ಯಾನಿಕ್‌ಗಳು ಹಾಗೇ ಹೇಳುತ್ತಾರೆ, ನನ್ನ ವಿದ್ಯಾರ್ಥಿಗಳೂ ಮೊದಲ ಪರೀಕ್ಷೆಯಲ್ಲಿ ಹಾಗೇ ಬರೆಯುತ್ತಾರೆ. ಆದರೆ ಕ್ಯಾಟ್, ಅಂದರೆ ಎಂಜಿನ್ನಿನ ಹೊಗೆ ಪೈಪಿನಲ್ಲಿ ಕೂರಿಸಿರುವ ಕ್ಯಾಟಲಿಟಿಕ್ ಕನ್ವರ್ಟರ್, ಏನನ್ನೂ ಸೋಸುವುದಿಲ್ಲ. ಏರ್ ಫಿಲ್ಟರಿನ ಹಾಗೆ ಕಸ ಹಿಡಿದು ತುಂಬಿಕೊಳ್ಳುವುದು ಅದರ ಕೆಲಸವಲ್ಲ, ಆದ್ದರಿಂದ ತೊಳೆದು ಖಾಲಿ ಮಾಡುವ ಪ್ರಶ್ನೆಯೂ ಬರುವುದಿಲ್ಲ. ಇದು ಅರ್ಥವಾದರೆ ಗ್ಯಾರೇಜಿನಲ್ಲಿ ಏನು ಕೇಳಬೇಕು, ಯಾವುದಕ್ಕೆ ದುಡ್ಡು ಬಿಚ್ಚಬೇಕು ಎನ್ನುವುದು ನಿಮಗೇ ಗೊತ್ತಾಗುತ್ತದೆ.

ನಾನು ಪಾಠ ಮಾಡುವ ಡಿಪ್ಲೊಮಾ ಕಾಲೇಜಿನ ಲ್ಯಾಬಿನಲ್ಲಿ ಚಿಪ್ಪು ಸೀಳಿ ತೆರೆದ ಒಂದು ಹಳೆಯ ಕನ್ವರ್ಟರ್ ಇದೆ. ಹೊರಗೆ ಸ್ಟೇನ್‌ಲೆಸ್ ಸ್ಟೀಲಿನ ಕವಚ, ಒಳಗೆ ಕಂಬಳಿಯಂಥ ನಾರಿನ ಸುತ್ತು, ಅದರ ಮಧ್ಯೆ ತೆಂಗಿನಕಾಯಿ ಗಾತ್ರದ ಪಿಂಗಾಣಿಯ ಗಟ್ಟಿ. ತುದಿಯಿಂದ ನೋಡಿದರೆ ಥೇಟ್ ಜೇನುಹುಟ್ಟು. ಒಂದು ಚದರ ಇಂಚಿನಲ್ಲಿ ಸುಮಾರು 400 ಕಂಡಿ. ಕಂಡಿ ಕಂಡಿಯ ನಡುವಿನ ಗೋಡೆ ಮಿಲಿಮೀಟರಿನ ಆರನೇ ಒಂದು ಭಾಗದಷ್ಟು ತೆಳು. ಗಟ್ಟಿಯನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು, ‘ಕಣ್ಣಿಗೆ ಹಿಡಿದು ಕಿಟಕಿ ಕಡೆ ನೋಡಿ’ ಅನ್ನುತ್ತೇನೆ. ಕಂಡಿಗಳ ಮೂಲಕ ಆಚೆಯ ಬೆಳಕು ನೇರವಾಗಿ ಕಾಣುತ್ತದೆ. ಬೆಳಕು ಅಡ್ಡಿಯಿಲ್ಲದೆ ಹಾಯುವ ದಾರಿಯಲ್ಲಿ ಹೊಗೆಗೆ ಅಡ್ಡಿ ಎಲ್ಲಿಯದು? ಆರೋಗ್ಯವಾಗಿರುವ ಕ್ಯಾಟ್ ಎಂಜಿನ್ನಿನ ಉಸಿರು ಕಟ್ಟಿಸುತ್ತದೆ ಎಂಬ ಮಾತನ್ನು ಆ ಬೆಳಕು ನೋಡಿದ ಹುಡುಗರು ಆಮೇಲೆ ನಂಬುವುದಿಲ್ಲ.

ಕೆಲಸ ನಡೆಯುವುದು ಕಂಡಿಯಲ್ಲಲ್ಲ, ಗೋಡೆಯ ಮೇಲೆ. ಗೋಡೆಗೆ ಸುಣ್ಣ ಬಳಿದಂತೆ ಅಲ್ಯೂಮಿನಾದ ಒಂದು ಲೇಪ ಇರುತ್ತದೆ. ಬರಿಗಣ್ಣಿಗೆ ನುಣುಪು, ಸೂಕ್ಷ್ಮದರ್ಶಕದಲ್ಲಿ ಸ್ಪಂಜು. ಈ ಅಲ್ಯೂಮಿನಾದ ಒಂದೇ ಒಂದು ಗ್ರಾಮಿನ ಒಳಗಿನ ತಗ್ಗು ದಿಣ್ಣೆಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 100 ಚದರ ಮೀಟರ್ ಆಗುತ್ತದೆ, ಅಂದರೆ ಹತ್ತಿರ ಹತ್ತಿರ ಒಂದು ಥರ್ಟಿ-ಫಾರ್ಟಿ ಸೈಟು. ಆ ವಿಶಾಲ ಬಯಲಿನ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಮೂರು ಲೋಹಗಳ ಕಣಗಳನ್ನು ಚೆಲ್ಲಿರುತ್ತಾರೆ. ಒಂದೊಂದು ಕಣ ಕೆಲವೇ ನ್ಯಾನೋಮೀಟರ್ ಅಗಲ. ಇಡೀ ಡಬ್ಬಿಯಲ್ಲಿ ಈ ಲೋಹಗಳೆಲ್ಲ ಸೇರಿ ಕೆಲವೇ ಗ್ರಾಂ. ನೀವು ಒಡೆಸಬೇಕೆಂದಿರುವುದು ಇದನ್ನು.

ಈಗ ಎಂಜಿನ್ ಏನನ್ನು ಕಳಿಸುತ್ತದೆ ನೋಡೋಣ. ಒಂದು ಲೀಟರ್ ಪೆಟ್ರೋಲ್ ಉರಿಯಲು ಸುಮಾರು 11 ಕಿಲೋ ಗಾಳಿ ಬೇಕು. ಅದು 9,000 ಲೀಟರಿಗೂ ಹೆಚ್ಚು. ಹೊರಗೆ ಬರುವ ಹೊಗೆಯಲ್ಲಿ ಬಹುಪಾಲು ಉರಿಯದೆ ಹಾದುಬಂದ ಸಾರಜನಕ, ಉಳಿದದ್ದರಲ್ಲಿ ಹೆಚ್ಚಿನದು ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತದೆ. ಚಳಿಗಾಲದ ಬೆಳಿಗ್ಗೆ ಸೈಲೆನ್ಸರ್ ತುದಿಯಿಂದ ತೊಟ್ಟಿಕ್ಕುವುದು ಆ ನೀರು. ಅದನ್ನು ಕಂಡು ಹೆದರಿ ಕಾರನ್ನು ಗ್ಯಾರೇಜಿಗೆ ಒಯ್ದವರಿದ್ದಾರೆ, ಹೆದರಬೇಕಿಲ್ಲ.

ಕೆಟ್ಟದ್ದು ಇರುವುದು ಉಳಿದ ಶೇಕಡಾ ಒಂದರ ಆಸುಪಾಸಿನಲ್ಲಿ. ಅದರಲ್ಲಿ ಮೂರು ಬಗೆ. ಮೊದಲನೆಯದು ಕಾರ್ಬನ್ ಮೊನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಎರಡನೆಯದು ಅರೆಬೆಂದ ಪೆಟ್ರೋಲ್, ಅಂದರೆ ಹೈಡ್ರೋಕಾರ್ಬನ್‌ಗಳು. ಮೂರನೆಯದು ಸಿಲಿಂಡರಿನ ವಿಪರೀತ ಶಾಖದಲ್ಲಿ ಗಾಳಿಯ ಸಾರಜನಕವೇ ಆಮ್ಲಜನಕದ ಜೊತೆ ಕೂಡಿ ಆಗುವ ನೈಟ್ರೋಜನ್ ಆಕ್ಸೈಡುಗಳು. ಎರಡನೆಯದೂ ಮೂರನೆಯದೂ ಬಿಸಿಲಿಗೆ ಸಿಕ್ಕಿದರೆ ನೆಲಮಟ್ಟದಲ್ಲಿ ಓಝೋನ್ ಹುಟ್ಟುತ್ತದೆ, ಕಣ್ಣು ಉರಿಯುತ್ತದೆ, ಎದೆ ಬಿಗಿಯುತ್ತದೆ. ಲಾಸ್ ಏಂಜಲೀಸ್ ಊರನ್ನು ಕವಿಯುತ್ತಿದ್ದ ಕಂದು ಮಬ್ಬು ಹೀಗೆ ಹುಟ್ಟುವುದು ಎಂದು 1950ರ ಸುಮಾರಿಗೆ ತೋರಿಸಿಕೊಟ್ಟವರು ಆರಿ ಹಾಗನ್-ಸ್ಮಿಟ್ ಎಂಬ ರಸಾಯನ ವಿಜ್ಞಾನಿ. ಕಾರಿನ ಹೊಗೆಯ ಮೇಲೆ ಕಾನೂನು ಬರಲು ದಾರಿಯಾದದ್ದು ಅವರ ಕೆಲಸದಿಂದ.

ಈ ಮೂರೂ ಬಿಸಿ ಹೊಗೆಯ ಜೊತೆ ಕಂಡಿಗಳೊಳಗೆ ನುಗ್ಗುತ್ತವೆ. ಡಬ್ಬಿ ದಾಟಲು ಅವುಗಳಿಗೆ ಬೇಕಾಗುವುದು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು. ಅಷ್ಟರಲ್ಲೇ ಆಗಬೇಕಾದದ್ದು ಆಗುತ್ತದೆ. ಕಾರ್ಬನ್ ಮೊನಾಕ್ಸೈಡಿನ ಅಣುವೊಂದು ಪ್ಲಾಟಿನಂ ಅಥವಾ ಪಲ್ಲಾಡಿಯಂ ಕಣದ ಮೇಲೆ ಬಂದು ಕೂರುತ್ತದೆ. ಪಕ್ಕದಲ್ಲಿ ಆಮ್ಲಜನಕದ ಅಣು ಬಂದು ಕೂರುತ್ತದೆ, ಕೂತ ಕೂಡಲೇ ಎರಡು ಪರಮಾಣುಗಳಾಗಿ ಒಡೆಯುತ್ತದೆ. ಗಾಳಿಯಲ್ಲಿ ಹಾರಾಡುತ್ತಿದ್ದಾಗ ಆಮ್ಲಜನಕದ ಆ ಜೋಡಿಯನ್ನು ಬಿಡಿಸಲು ಭಾರಿ ಶಾಖ ಬೇಕಿತ್ತು, ಲೋಹದ ಮೇಲೆ ಅದು ಸಲೀಸು. ಬಿಡಿಯಾದ ಆಮ್ಲಜನಕ ಪಕ್ಕದ ಮೊನಾಕ್ಸೈಡನ್ನು ಕೂಡಿಕೊಂಡು ಡೈಆಕ್ಸೈಡಾಗಿ ಎದ್ದು ಹೋಗುತ್ತದೆ. ಜಾಗ ಖಾಲಿ. ಮುಂದಿನವರು ಬಂದು ಕೂರಬಹುದು. ಸಂತೆ ಮೈದಾನದ ಹಾಗೆ: ಅಲ್ಲಿ ಕೊಡುವವರೂ ಕೊಳ್ಳುವವರೂ ಸೇರುತ್ತಾರೆ, ವ್ಯಾಪಾರ ಮುಗಿಸಿ ಹೋಗುತ್ತಾರೆ, ಮೈದಾನ ಇದ್ದಂತೆಯೇ ಇರುತ್ತದೆ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಕ್ರಿಯಾವರ್ಧಕ ಎಂದು ಓದಿದ್ದೀರಲ್ಲ, ಅದು ಇದು. ಹೈಡ್ರೋಕಾರ್ಬನ್‌ಗಳೂ ಹೀಗೇ ನೀರು ಮತ್ತು ಡೈಆಕ್ಸೈಡ್ ಆಗುತ್ತವೆ.

ನೈಟ್ರೋಜನ್ ಆಕ್ಸೈಡುಗಳಲ್ಲಿ ಮುಖ್ಯವಾದ ನೈಟ್ರಿಕ್ ಆಕ್ಸೈಡಿನ ಕಥೆ ತಿರುವುಮುರುವು. ಅದಕ್ಕೆ ಆಮ್ಲಜನಕ ಸೇರಿಸುವುದಲ್ಲ, ಅದರಿಂದ ಆಮ್ಲಜನಕ ಕಿತ್ತುಕೊಳ್ಳಬೇಕು. ಈ ಕೆಲಸದಲ್ಲಿ ರೋಡಿಯಮ್ಮಿನ ಸಮ ಯಾವುದೂ ಇಲ್ಲ. ಅದರ ಮೇಲೆ ನೈಟ್ರಿಕ್ ಆಕ್ಸೈಡ್ ಸೀಳಿಹೋಗುತ್ತದೆ, ಸಾರಜನಕದ ಪರಮಾಣುಗಳು ಎರಡೆರಡಾಗಿ ಜೋಡಿಯಾಗಿ ನಾವು ದಿನವೂ ಉಸಿರಾಡುವ ಸಾರಜನಕವಾಗಿ ಹೊರಡುತ್ತವೆ. ಉಳಿದ ಆಮ್ಲಜನಕವನ್ನು ಕಾರ್ಬನ್ ಮೊನಾಕ್ಸೈಡ್ ಎತ್ತಿಕೊಂಡು ಹೋಗುತ್ತದೆ. ಒಂದು ವಿಷವನ್ನು ಇನ್ನೊಂದು ವಿಷದ ಕೈಯಲ್ಲೇ ಕಳೆಯುವ ಈ ಏರ್ಪಾಟನ್ನು ಇಷ್ಟು ವರ್ಷ ಪಾಠ ಮಾಡಿದ್ದೇನೆ, ಈಗಲೂ ಬೋರ್ಡಿನ ಮೇಲೆ ಬರೆಯುವಾಗ ಬೆರಗಾಗುತ್ತದೆ.

ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಇಂಗಾಲದ ಡೈಆಕ್ಸೈಡನ್ನು ಈ ಡಬ್ಬಿ ಕಡಿಮೆ ಮಾಡುವುದಿಲ್ಲ. ಒಂದು ಲೀಟರ್ ಪೆಟ್ರೋಲಿಗೆ ಸುಮಾರು 2.3 ಕಿಲೋ ಡೈಆಕ್ಸೈಡ್ ಹೋಗಿಯೇ ಹೋಗುತ್ತದೆ. ಭೂಮಿ ಬಿಸಿಯಾಗುವುದಕ್ಕೆ ಇದು ಮದ್ದಲ್ಲ. ಇದು ಕಾಯುವುದು ನಿಮ್ಮ ಕಾರಿನ ಹಿಂದೆ ನಿಂತವರ ಎದೆಯನ್ನು.

ಎಂಜಿನ್ ತಣ್ಣಗಿರುವಾಗ ಕ್ಯಾಟ್ ಕೆಲಸವನ್ನೇ ಮಾಡುವುದಿಲ್ಲ ಎನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಅದು ಬರೀ ಪಿಂಗಾಣಿ. ಕಾರಣ ಸೊಗಸಾಗಿದೆ. ತಣ್ಣಗಿರುವಾಗ ಕಾರ್ಬನ್ ಮೊನಾಕ್ಸೈಡ್ ಲೋಹದ ಕಣಗಳ ಮೇಲೆ ಒತ್ತೊತ್ತಾಗಿ ಕೂತುಬಿಡುತ್ತದೆ, ಏಳುವುದೇ ಇಲ್ಲ, ಆಮ್ಲಜನಕಕ್ಕೆ ಕಾಲಿಡಲೂ ಜಾಗ ಸಿಗುವುದಿಲ್ಲ. ಬಿಸಿ ಏರಿದಂತೆ ಒಂದೊಂದಾಗಿ ಏಳತೊಡಗಿ ಜಾಗ ಬಿಡುತ್ತದೆ. ಆಗ ಒಮ್ಮೆಲೇ ಕೆಲಸ ಹತ್ತಿಕೊಳ್ಳುತ್ತದೆ. ಲೋಹದ ಮೇಲ್ಮೈಯಲ್ಲಿ ಅಣುಗಳು ಹೀಗೆ ಕೂರುವುದು, ಏಳುವುದು, ಕೂಡುವುದನ್ನು ಹಂತಹಂತವಾಗಿ ಬಿಡಿಸಿ ತೋರಿಸಿದ ಜರ್ಮನಿಯ ಗೆರ್ಹಾರ್ಡ್ ಎರ್ಟಲ್ ಅವರಿಗೆ 2007ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ನಿಮ್ಮ ಮಟ್ಟಿಗೆ ಇದರ ಅರ್ಥ ಇಷ್ಟು: ಇಡೀ ಪ್ರಯಾಣದ ಕೊಳಕಿನಲ್ಲಿ ದೊಡ್ಡ ಪಾಲು ಸ್ಟಾರ್ಟ್ ಮಾಡಿದ ಮೊದಲ ಒಂದೆರಡು ನಿಮಿಷದಲ್ಲೇ ಹೋಗುತ್ತದೆ. ಹಾಲು ತರಲು ಅರ್ಧ ಕಿಲೋಮೀಟರ್ ಕಾರಿನಲ್ಲಿ ಹೋದರೆ ಆ ಓಡಾಟದಲ್ಲಿ ಕ್ಯಾಟ್ ಇದ್ದೂ ಇಲ್ಲದಂತೆ.

ಈಗ ನಿಮ್ಮ ಪಿ0420ಕ್ಕೆ ಬರುತ್ತೇನೆ. ಅದಕ್ಕೆ ಮೊದಲು ಒಂದು ತೊಡಕು ಬಿಡಿಸಬೇಕು. ಮೊನಾಕ್ಸೈಡಿಗೂ ಹೈಡ್ರೋಕಾರ್ಬನ್ನಿಗೂ ಆಮ್ಲಜನಕ ಕೊಡಬೇಕು, ನೈಟ್ರಿಕ್ ಆಕ್ಸೈಡಿನಿಂದ ಕಿತ್ತುಕೊಳ್ಳಬೇಕು. ಹೊಗೆಯಲ್ಲಿ ಆಮ್ಲಜನಕ ಹೆಚ್ಚಾದರೆ ಎರಡನೇ ಕೆಲಸ ಕೆಡುತ್ತದೆ, ಕಡಿಮೆಯಾದರೆ ಮೊದಲನೆಯದು. ಎರಡೂ ಒಂದೇ ಡಬ್ಬಿಯಲ್ಲಿ ನಡೆಯಬೇಕಾದರೆ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ, ಆಚೀಚೆ ಹೆಚ್ಚು ಸರಿಯಬಾರದು. ಅಮೆರಿಕದಲ್ಲಿ 1975ರ ಮಾದರಿಯ ಕಾರುಗಳಿಗೆ ಬಂದ ಮೊದಲ ಕನ್ವರ್ಟರುಗಳು ಇದನ್ನು ಸಾಧಿಸಿರಲಿಲ್ಲ. ಅವು ಮೊನಾಕ್ಸೈಡ್, ಹೈಡ್ರೋಕಾರ್ಬನ್ ಎರಡನ್ನು ಮಾತ್ರ ಸುಡುತ್ತಿದ್ದವು. ಮೂರನ್ನೂ ಒಟ್ಟಿಗೆ ನಿಭಾಯಿಸುವ ಕ್ಯಾಟಲಿಸ್ಟನ್ನು ಎಂಗಲ್‌ಹಾರ್ಡ್ ಕಂಪನಿಯ ಕಾರ್ಲ್ ಕೀತ್, ಜಾನ್ ಮೂನಿ ಮತ್ತವರ ತಂಡ ರೂಪಿಸಿತು. ಅದಕ್ಕೆ ತಕ್ಕಂತೆ ಗಾಳಿ-ಪೆಟ್ರೋಲನ್ನು ಅಳೆದು ಕೊಡಲು ಬಾಷ್ ಕಂಪನಿಯ ಆಮ್ಲಜನಕ ಸೆನ್ಸರ್ ಬಂತು. ಎರಡನ್ನೂ ಜೋಡಿಸಿಕೊಂಡು ವೋಲ್ವೊ ಕಾರು 1977ರ ಮಾದರಿಯಲ್ಲಿ ಕ್ಯಾಲಿಫೋರ್ನಿಯಾದ ರಸ್ತೆಗಿಳಿಯಿತು. ಇವತ್ತು ಪೆಟ್ರೋಲ್ ಕಾರುಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಇಂಜೆಕ್ಷನ್ ಬಂದಿರುವುದರ ಹಿಂದೆ ಈ ಡಬ್ಬಿಯ ಹಟ ಬಹಳಷ್ಟಿದೆ.

ಕ್ಯಾಟ್‌ನ ಮುಂದೊಂದು, ಹಿಂದೊಂದು ಆಮ್ಲಜನಕ ಸೆನ್ಸರ್ ಇರುತ್ತದೆ. ಮುಂದಿನದರ ಮಾತು ಕೇಳಿಕೊಂಡು ಕಂಪ್ಯೂಟರ್ ಪೆಟ್ರೋಲನ್ನು ಒಮ್ಮೆ ತುಸು ಹೆಚ್ಚಿಸುತ್ತದೆ, ಒಮ್ಮೆ ತುಸು ಇಳಿಸುತ್ತದೆ. ಆದ್ದರಿಂದ ಮುಂದಿನ ಸೆನ್ಸರಿನ ರೀಡಿಂಗ್ 0.1ರಿಂದ 0.9 ವೋಲ್ಟಿನ ನಡುವೆ ಉಯ್ಯಾಲೆ ಆಡುತ್ತಲೇ ಇರುತ್ತದೆ. ಈ ಏರಿಳಿತವನ್ನು ತಾಳಿಕೊಳ್ಳಲು ಲೇಪದಲ್ಲಿ ಸೀರಿಯಂ ಆಕ್ಸೈಡ್ ಬೆರೆಸಿರುತ್ತಾರೆ. ನಿಮ್ಮ ಕಡೆ ಹಿರಿಯರು ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದರಲ್ಲ, ಇದೂ ಹಾಗೇ. ಆಮ್ಲಜನಕ ಹೆಚ್ಚಿದ ಕ್ಷಣದಲ್ಲಿ ತುಂಬಿಕೊಳ್ಳುತ್ತದೆ, ಕೊರತೆಯಾದ ಕ್ಷಣದಲ್ಲಿ ತೆಗೆದು ಕೊಡುತ್ತದೆ. ಹಗೇವು ದೊಡ್ಡದಿರುವ ತನಕ ಹಿಂದಿನ ಸೆನ್ಸರಿಗೆ ಏರಿಳಿತವೇ ಮುಟ್ಟುವುದಿಲ್ಲ, ಅದರ ರೀಡಿಂಗ್ 0.6, 0.7 ವೋಲ್ಟಿನ ಸುತ್ತ ನೆಟ್ಟಗೆ ನಿಂತಿರುತ್ತದೆ. ಹಗೇವು ಕುಸಿದರೆ ಹಿಂದಿನದೂ ಮುಂದಿನದರ ಹಾಗೆ ಉಯ್ಯಾಲೆಗೆ ಬೀಳುತ್ತದೆ. ಆ ಹೋಲಿಕೆಯನ್ನು ಕಂಡ ಕಂಪ್ಯೂಟರ್ ಬರೆಯುವ ಚೀಟಿಯೇ ಪಿ0420.

ಆ ಚೀಟಿಯಲ್ಲಿ ‘ಬ್ಲಾಕ್’ ಎಂದು ಬರೆದಿಲ್ಲ, ಗಮನಿಸಿ. ‘ಕೆಲಸ ಕುಂದಿದ ಹಾಗೆ ಕಾಣುತ್ತದೆ’ ಎಂದಷ್ಟೇ ಇದೆ. ಕೆಲಸ ಕುಂದುವುದು ಬೇರೆ, ದಾರಿ ಕಟ್ಟಿಕೊಳ್ಳುವುದು ಬೇರೆ. ಕಂಡಿಗಳೆಲ್ಲ ತೆರೆದೇ ಇದ್ದು ಲೇಪ ಮಾತ್ರ ಸತ್ತಿರುವ ಕ್ಯಾಟ್‌ಗಳೇ ಹೆಚ್ಚು. ನಿಜವಾಗಿ ಕಟ್ಟಿಕೊಂಡಿದ್ದರೆ ಲಕ್ಷಣವೇ ಬೇರೆ ಇರುತ್ತದೆ: ಕಾರು ಏರು ಹತ್ತುವುದಿಲ್ಲ, ಆಕ್ಸಿಲರೇಟರ್ ಒತ್ತಿದಷ್ಟೂ ಎಂಜಿನ್ ಮುಕ್ಕರಿಯುತ್ತದೆ, ಬೋನೆಟ್ ಕೆಳಗೆ ವಿಪರೀತ ಬಿಸಿ. ಊಹೆ ಮಾಡಬೇಕಿಲ್ಲ, ಅಳೆಯಬಹುದು. ಮುಂದಿನ ಸೆನ್ಸರ್ ಬಿಚ್ಚಿ ಆ ತೂತಿಗೆ ಪ್ರೆಶರ್ ಗೇಜ್ ಹಾಕಿ ಎಂಜಿನ್ನನ್ನು 2,500 ಆರ್‌ಪಿಎಂಗೆ ಏರಿಸಿದಾಗ ಒತ್ತಡ 3 ಪಿಎಸ್‌ಐ ದಾಟಿದರೆ ಕಟ್ಟಿಕೊಂಡಿದೆ ಎನ್ನಬಹುದು. ನಿಮ್ಮ ಪತ್ರದಲ್ಲಿ ಪಿಕಪ್ ಹೋಗಿದೆ ಎಂಬ ದೂರೇ ಇಲ್ಲ. ಪಿಕಪ್ ಬರುತ್ತೆ ಎಂಬ ಆಸೆ ಹುಟ್ಟಿಸಿದ್ದು ಗ್ಯಾರೇಜಿನವರು.

ಹಾಗಾದರೆ ಲೇಪ ಸಾಯುವುದು ಹೇಗೆ? ನನ್ನ ಅನುಭವದಲ್ಲಿ ಕ್ಯಾಟ್ ತಾನಾಗಿ ಸಾಯುವುದು ಬಹಳ ಅಪರೂಪ, ಅದನ್ನು ಎಂಜಿನ್ ಕೊಲ್ಲುತ್ತದೆ. ಲ್ಯಾಬಿನಲ್ಲಿ ಆ ಒಳ್ಳೆಯ ಗಟ್ಟಿಯ ಪಕ್ಕದಲ್ಲೇ ಇನ್ನೊಂದನ್ನು ಇಟ್ಟಿದ್ದೇನೆ. ಪರಿಚಿತರೊಬ್ಬರ ಕಾರಿನದು. ಒಂದು ಇಗ್ನಿಷನ್ ಕಾಯಿಲ್ ಸುಟ್ಟು ಒಂದು ಸಿಲಿಂಡರ್ ಮಿಸ್ಸಿಂಗ್ ಹೊಡೆಯುತ್ತಿತ್ತು, ಚೆಕ್ ಎಂಜಿನ್ ದೀಪ ಮಿನುಗುತ್ತಿತ್ತು. ಮಗಳ ಮದುವೆಯ ಓಡಾಟ, ಮೂರು ವಾರ ಹಾಗೇ ಓಡಿಸಿದರು. ಉರಿಯದ ಪೆಟ್ರೋಲೆಲ್ಲ ಹೋಗಿ ಕ್ಯಾಟ್‌ನಲ್ಲಿ ಉರಿಯಿತು. ಪಿಂಗಾಣಿ ಕರಗಬೇಕಾದರೆ 1,400 ಡಿಗ್ರಿ ದಾಟಬೇಕು, ದಾಟಿತ್ತು. ಮಧ್ಯದ ಕಂಡಿಗಳೆಲ್ಲ ಪಾಕ ಬಂದ ಬೆಲ್ಲದ ಹಾಗೆ ಕರಗಿ, ಒಂದಾಗಿ, ಗಾಜಿನಂತೆ ಗಟ್ಟಿಯಾಗಿವೆ. ಆ ಗಟ್ಟಿಯನ್ನು ಕಿಟಕಿಗೆ ಹಿಡಿದರೆ ಅಂಚಿನಲ್ಲಿ ಮಾತ್ರ ಬೆಳಕು. ಸಕಾಲದಲ್ಲಿ ಒಂದು ಕಾಯಿಲ್ ಬದಲಾಯಿಸಿದ್ದರೆ ಆ ಕ್ಯಾಟ್ ಇವತ್ತೂ ಅವರ ಕಾರಿನಲ್ಲೇ ಇರುತ್ತಿತ್ತು. ನೆನಪಿಡಿ: ದೀಪ ನಿಂತು ಉರಿಯುತ್ತಿದ್ದರೆ ಈ ವಾರ ತೋರಿಸಿ, ಮಿನುಗುತ್ತಿದ್ದರೆ ಕಾರನ್ನು ಅಲ್ಲೇ ಪಕ್ಕಕ್ಕೆ ಹಾಕಿ.

ಕರಗುವಷ್ಟು ಬಿಸಿಯಾಗದಿದ್ದರೂ ಕೇಡು ತಪ್ಪಿದ್ದಲ್ಲ. 900 ಡಿಗ್ರಿ ದಾಟಿದ ಮೇಲೆ ಲೋಹದ ಸಣ್ಣ ಕಣಗಳು ಸರಿದಾಡಿ ಒಂದಕ್ಕೊಂದು ಸೇರಿಕೊಳ್ಳತೊಡಗುತ್ತವೆ, ಸಾರಿನ ಮೇಲೆ ತೇಲುವ ಎಣ್ಣೆಯ ಹನಿಗಳು ಕೂಡಿ ದೊಡ್ಡದಾದ ಹಾಗೆ. ಲೋಹ ಅಷ್ಟೇ ಇದೆ, ಆದರೆ ಅಣುಗಳಿಗೆ ಕೂರಲು ಸಿಗುವ ಮೇಲ್ಮೈ ಕುಗ್ಗಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಎಸ್. ಹೆಗಡೆ, ಕೆ.ಸಿ. ಪಾಟೀಲ, ಗಿರಿಧರ್ ಮದ್ರಾಸ್ ಅವರ ತಂಡ ಈ ಸಮಸ್ಯೆಯನ್ನು ಬೇರೊಂದು ಕಡೆಯಿಂದ ಹಿಡಿಯಿತು. ಲೋಹವನ್ನು ಕಣವಾಗಿ ಚೆಲ್ಲುವ ಬದಲು ಪಲ್ಲಾಡಿಯಮ್ಮಿನ ಅಯಾನುಗಳನ್ನು ಸೀರಿಯಂ ಆಕ್ಸೈಡಿನ ಹರಳಿನ ಒಳಗೇ, ಸೀರಿಯಮ್ಮಿನ ಜಾಗದಲ್ಲೇ ಕೂರಿಸುವುದು. ಕಣವೇ ಇಲ್ಲದ ಮೇಲೆ ಕೂಡಿಕೊಳ್ಳುವುದೇನು? ಲೋಹವೂ ಕಡಿಮೆ ಸಾಕು. ಪಾಟೀಲರು ಬೆಳೆಸಿದ ದಹನ ವಿಧಾನದಲ್ಲಿ ಲವಣಗಳನ್ನೂ ಇಂಧನವನ್ನೂ ನೀರಲ್ಲಿ ಕರಗಿಸಿ ಕುಲುಮೆಗಿಟ್ಟರೆ ಕುದಿದು, ಭುಗ್ಗೆಂದು ಹೊತ್ತಿ, ನಿಮಿಷಗಳಲ್ಲಿ ನಯವಾದ ಪುಡಿ ಸಿಗುತ್ತದೆ. ಕನ್ನಡದ ಮಕ್ಕಳಿಗೆ ಈ ಕೆಲಸವನ್ನು ಹೇಳಿಕೊಡುವಾಗ ನನಗೆ ಹೆಮ್ಮೆ.

ಇನ್ನೊಂದು ಸಾವು ವಿಷದಿಂದ. ಎಂಜಿನ್ ಆಯಿಲ್ ಕುಡಿಯುತ್ತಿದ್ದರೆ ಆಯಿಲಿನಲ್ಲಿರುವ ರಂಜಕ, ಸತುವು ಹೊಗೆಯ ಜೊತೆ ಬಂದು ಲೇಪದ ಮೇಲೆ ಪದರ ಕಟ್ಟುತ್ತವೆ. ಹೆಡ್ ಗ್ಯಾಸ್ಕೆಟ್ ಸೋರಿ ಕೂಲೆಂಟ್ ಒಳಗೆ ಹೋಗುತ್ತಿದ್ದರೂ ಅದೇ ಪಾಡು. ಗಂಧಕ ಸ್ವಲ್ಪ ಕಾಲ ಸುಸ್ತು ಮಾಡುತ್ತದೆ. ಕೆಲವೊಮ್ಮೆ ಸೈಲೆನ್ಸರಿನಿಂದ ಕೊಳೆತ ಮೊಟ್ಟೆಯ ವಾಸನೆ ಬರುವುದು ಆ ಗಂಧಕದಿಂದ. ಬಿಎಸ್-4 ಪೆಟ್ರೋಲಿನಲ್ಲಿ ಹತ್ತು ಲಕ್ಷಕ್ಕೆ 50 ಪಾಲಿನವರೆಗೆ ಇರಬಹುದಾಗಿದ್ದ ಗಂಧಕ 2020ರ ಏಪ್ರಿಲ್‌ನಿಂದ, ಬಿಎಸ್-6 ಬಂದ ಮೇಲೆ, 10ಕ್ಕೆ ಇಳಿದಿದೆ.

ಎಲ್ಲಕ್ಕಿಂತ ದೊಡ್ಡ ವಿಷ ಸೀಸ. ಅದರ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಫ್ರಾನ್ಸಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಯೂಜೀನ್ ಹೂಡ್ರಿ ಎಂಬ ಎಂಜಿನಿಯರ್ 1950ರ ದಶಕದಲ್ಲೇ ಕಾರುಗಳಿಗೆಂದು ಇಂಥ ಕನ್ವರ್ಟರ್ ಮಾಡಿ ಪೇಟೆಂಟ್ ಪಡೆದಿದ್ದರು. ಆದರೆ ಎಂಜಿನ್ ಕುಟ್ಟದಿರಲೆಂದು ಆಗ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುತ್ತಿದ್ದರು. ಆ ಸೀಸ ಲೋಹದ ಕಣಗಳ ಮೇಲೆ ಕೂತು ಕ್ಯಾಟನ್ನು ಬೇಗನೆ ನಿರ್ಜೀವ ಮಾಡುತ್ತಿತ್ತು. 1970ರ ಅಮೆರಿಕದ ಕಾನೂನು ಹೊಗೆಯ ವಿಷವನ್ನು ಶೇ 90ರಷ್ಟು ಇಳಿಸಲೇಬೇಕು ಎಂದಾಗ ಕ್ಯಾಟ್ ಅನಿವಾರ್ಯವಾಯಿತು, ಕ್ಯಾಟ್ ಉಳಿಯಬೇಕಾದರೆ ಸೀಸ ಹೋಗಲೇಬೇಕಾಯಿತು. ಭಾರತದಲ್ಲೂ ಅದೇ ಜೋಡಿ ನಡೆ. ವಕೀಲ ಎಂ.ಸಿ. ಮೆಹ್ತಾ ಅವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ 1995ರ ಏಪ್ರಿಲ್ 1ರಿಂದ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು, ಜೊತೆಗೇ ಅಲ್ಲಿ ಸೀಸರಹಿತ ಪೆಟ್ರೋಲ್ ಬಂತು. 1999ರ ಫೆಬ್ರವರಿಯಲ್ಲಿ ಸೀಸದ ವಿಷದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. 2000ದ ಫೆಬ್ರವರಿ 1ರಿಂದ ಇಡೀ ದೇಶದ ಪೆಟ್ರೋಲಿನಿಂದ ಸೀಸ ಹೋಯಿತು. ಮಕ್ಕಳ ಮಿದುಳನ್ನೇ ಮಂಕಾಗಿಸುವ ಲೋಹ ಅದು. ಈ ಡಬ್ಬಿ ತಾನು ಉಳಿಯುವುದಕ್ಕಾಗಿ ಅದನ್ನು ಗಾಳಿಯಿಂದಲೇ ಹೊರಹಾಕಿಸಿತು.

ಆದ್ದರಿಂದ ನಿಮ್ಮ ಕಾರಿಗೆ ಮಾಡಿಸಬೇಕಾದದ್ದು ಇದು. ಸ್ಕ್ಯಾನರಿನಲ್ಲಿ ಪಿ0420ರ ಜೊತೆ ಬೇರೆ ಕೋಡ್ ಇದೆಯೇ ನೋಡಲು ಹೇಳಿ. ಪಿ0300, ಪಿ0301 ಎಂದು ಶುರುವಾಗುವವು ಮಿಸ್ಸಿಂಗ್ ಕೋಡುಗಳು, ಇದ್ದರೆ ಮೊದಲು ಪ್ಲಗ್, ಕಾಯಿಲ್, ಇಂಜೆಕ್ಟರ್. ಮ್ಯಾನಿಫೋಲ್ಡಿನಿಂದ ಹಿಂದಿನ ಸೆನ್ಸರಿನವರೆಗೆ ಎಲ್ಲಾದರೂ ಪೈಪ್ ಸೋರುತ್ತಿದೆಯೇ ನೋಡಿಸಿ. ಸಣ್ಣ ಬಿರುಕಿನಿಂದ ಹೊರಗಿನ ಗಾಳಿ ಒಳಗೆಳೆದುಕೊಂಡರೂ ಸೆನ್ಸರ್ ಮೋಸಹೋಗಿ ಇದೇ ಕೋಡ್ ಬರುತ್ತದೆ, ವೆಲ್ಡಿಂಗಿನಲ್ಲಿ ಮುಗಿಯುವ ಕೆಲಸ. ಸಾವಿರ ಕಿಲೋಮೀಟರಿಗೆ ಎಷ್ಟು ಆಯಿಲ್ ಇಳಿಯುತ್ತಿದೆ ಎಂದು ಡಿಪ್‌ಸ್ಟಿಕ್ಕಿನಲ್ಲಿ ನೀವೇ ನೋಡಿ ಬರೆದಿಡಿ. ಆಮೇಲೆ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಹಿಂದಿನ ಸೆನ್ಸರಿನ ಗ್ರಾಫನ್ನು ಸ್ಕ್ಯಾನರಿನ ಪರದೆಯಲ್ಲಿ ತೋರಿಸಲು ಕೇಳಿ. ನೆಟ್ಟಗಿದ್ದರೆ ಕ್ಯಾಟ್ ಬದುಕಿದೆ. ಕೆಳಗಿನಿಂದ ರಬ್ಬರ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದಾಗ ಗಲಗಲ ಸದ್ದು ಬಂದರೆ ಮಾತ್ರ ಒಳಗಿನ ಗಟ್ಟಿ ಒಡೆದಿದೆ. ಬಾಟಲಿಯಲ್ಲಿ ಸಿಗುವ ಕ್ಯಾಟ್ ಕ್ಲೀನರಿಗೆ ದುಡ್ಡು ಹಾಕಬೇಡಿ, ಕೂಡಿಹೋದ ಲೋಹದ ಕಣಗಳನ್ನು ಯಾವ ದ್ರವವೂ ಮತ್ತೆ ಬಿಡಿಸಲಾರದು. ತೊಳೆಯುವ ಮಾತು ಡೀಸೆಲ್ ಕಾರುಗಳಿಂದ ಬಂದಿರಬೇಕು. ಅವುಗಳಲ್ಲಿ ಮಸಿಯನ್ನು ಹಿಡಿದಿಡುವ ನಿಜವಾದ ಸೋಸುಕ, ಡಿಪಿಎಫ್, ಬೇರೆಯೇ ಇರುತ್ತದೆ. ನಿಮ್ಮದರಲ್ಲಿ ಅದಿಲ್ಲ.

ಒಡೆಸಿದರೆ ಮೈಲೇಜ್ ಬರುವುದಿಲ್ಲವೇ? ಸರಿಯಿರುವ ಕ್ಯಾಟ್ ತೆಗೆದರೆ ಇಲ್ಲ. ಪೆಟ್ರೋಲ್ ಎಷ್ಟು ಹೋಗಬೇಕೆಂದು ತೀರ್ಮಾನಿಸುವುದು ಕಂಪ್ಯೂಟರ್, ಅದು ಮುಂಚಿನ ಹಾಗೇ 14.7ರ ಲೆಕ್ಕದಲ್ಲೇ ಕೊಡುತ್ತದೆ. ದೀಪ ಆರುವುದಿಲ್ಲ, ಬದಲಿಗೆ ಶಾಶ್ವತವಾಗುತ್ತದೆ. ಆಗ ಸೆನ್ಸರಿಗೆ ಮೋಸ ಮಾಡುವ ಇನ್ನೊಂದು ತುಂಡು ಹಾಕೋಣ ಅನ್ನುತ್ತಾರೆ. ಎಮಿಷನ್ ಟೆಸ್ಟಿನಲ್ಲಿ ಬಿಎಸ್-4 ಪೆಟ್ರೋಲ್ ಕಾರಿಗೆ ಐಡಲಿಂಗಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ 0.3, ಹೈಡ್ರೋಕಾರ್ಬನ್ ಹತ್ತು ಲಕ್ಷಕ್ಕೆ 200 ಪಾಲು ದಾಟಬಾರದು. ಕ್ಯಾಟ್ ಇಲ್ಲದ ಎಂಜಿನ್ ಅದರೊಳಗೆ ನಿಲ್ಲುವುದು ಕಷ್ಟ. ಒಂದು ವೇಳೆ ಪಾಸಾದರೂ ಆ ಪರೀಕ್ಷೆ ನೈಟ್ರೋಜನ್ ಆಕ್ಸೈಡನ್ನು ಅಳೆಯುವುದೇ ಇಲ್ಲ, ಆ ಚೀಟಿ ಹಿಡಿದು ಸಮಾಧಾನ ಮಾಡಿಕೊಳ್ಳುವಂತಿಲ್ಲ. ಕಂಪನಿ ಕೊಟ್ಟ ರೂಪವನ್ನು ಹೀಗೆ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಮಾಲಿನ್ಯದ ಮಿತಿ ಮೀರಿದರೆ 190(2)ರಡಿ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ದಂಡ ಹಾಗಿರಲಿ, ಸಿಗ್ನಲ್ಲಿನಲ್ಲಿ ನಿಮ್ಮ ಕಾರಿನ ಹಿಂದೆ ಬೈಕಿನ ಟ್ಯಾಂಕಿನ ಮೇಲೆ ಕೂತಿರುವ ಮಗುವಿನ ಮೂಗು ಎಷ್ಟು ಎತ್ತರದಲ್ಲಿರುತ್ತದೆ ಎಂದು ಒಮ್ಮೆ ನೋಡಿ.

ಎಲ್ಲ ಪರೀಕ್ಷೆಯಾಗಿ ಕ್ಯಾಟ್ ಸತ್ತೇ ಹೋಗಿದೆ ಎಂದಾದರೆ, ಕೊಂದ ಕಾರಣವನ್ನು ಮೊದಲು ಸರಿಪಡಿಸಿ ಆಮೇಲೆ ಹೊಸದು ಹಾಕಿಸಿ. ಇಲ್ಲದಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ತೀರಾ ಅಗ್ಗದ್ದು ಬೇಡ, ಅಗ್ಗವಾಗುವುದು ಒಳಗೆ ಲೋಹ ಕಡಿಮೆ ಹಾಕಿದಾಗಲೇ. ಹಳೆಯದನ್ನು ತಪ್ಪದೆ ನಿಮ್ಮ ಕೈಗೇ ಕೊಡಲು ಹೇಳಿ. ಅದರಲ್ಲಿರುವ ಲೋಹಕ್ಕೆ ಗುಜರಿಯಲ್ಲೂ ಒಳ್ಳೆಯ ಬೆಲೆಯಿದೆ. 2021ರಲ್ಲಿ ರೋಡಿಯಂ ಒಂದು ಔನ್ಸಿಗೆ 29,000 ಡಾಲರ್ ಮುಟ್ಟಿತ್ತು. ಗುಜರಾತ್, ಮಹಾರಾಷ್ಟ್ರಗಳಲ್ಲಿ ಈಕೋ ವ್ಯಾನುಗಳ ಸೈಲೆನ್ಸರ್‌ಗಳನ್ನು ರಾತ್ರೋರಾತ್ರಿ ಬಿಚ್ಚಿ ಒಯ್ದದ್ದು ಈ ಲೋಹಗಳಿಗಾಗಿಯೇ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಸುಗ್ಗಿಯಲ್ಲಿ ನಮ್ಮ ಕಡೆ ರಸ್ತೆ ಮೇಲೆ ಹುರುಳಿ, ರಾಗಿ ಹರಡಿರುತ್ತಾರೆ. ಒಣಗಿದ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು ನೂರಾರು ಡಿಗ್ರಿ ಕಾದಿರುವ ಕ್ಯಾಟ್‌ಗೆ, ಪೈಪಿಗೆ ತಾಗಿದರೆ ಹೊತ್ತಿಕೊಳ್ಳುತ್ತದೆ. ಹಾಗೆ ಕಾರುಗಳು ಸುಟ್ಟುಹೋಗಿವೆ. ಆ ಕಡೆ ಹೋದರೆ ದಾಟಿದ ಮೇಲೆ ನಿಲ್ಲಿಸಿ, ಬಗ್ಗಿ ನೋಡಿ, ಸಿಕ್ಕಿಕೊಂಡದ್ದನ್ನು ಕೋಲಿನಲ್ಲಿ ಎಳೆದು ತೆಗೆಯಿರಿ. ಕೈ ಹಾಕಬೇಡಿ.

ಬೇರೆ ಕೋಡ್ ಏನಿತ್ತು, ಆಯಿಲ್ ಎಷ್ಟು ಇಳಿಯಿತು, ಹಿಂದಿನ ಸೆನ್ಸರ್ ಎಷ್ಟು ವೋಲ್ಟಿನಲ್ಲಿ ನಿಂತಿತ್ತು, ಈ ಮೂರನ್ನು ಬರೆದು ಕಳಿಸಿ. ಕ್ಯಾಟ್ ಬದಲಿಸಬೇಕೋ ಬೇಡವೋ ಎಂದು ಆಗ ಖಚಿತವಾಗಿ ಹೇಳುತ್ತೇನೆ. ಅಲ್ಲಿಯವರೆಗೆ ಕಾರನ್ನು ಹದವಾಗಿ ಓಡಿಸಿ, ಸುತ್ತಿಗೆಯನ್ನು ಮಾತ್ರ ಹತ್ತಿರ ಬಿಡಬೇಡಿ.